ಒಂದು ಬೋಲ್ಟು ಕೊಸರು

ಬೇರೆಯವರ ಮನೇಲಿ ಹಾಲು ಉಕ್ಕುತ್ತೆ, ನಲ್ಲಿ ಸೋರುತ್ತೆ. ನಮ್ಮನೇಲಿ ಮಾತ್ರ ಇಂಥವೇ ಆಗೋದು. ಬ್ಯಾಂಕಿನಿಂದ ರಿಟೈರ್ ಆದ್ಮೇಲೆ ನಮ್ಮೆಜಮಾನ್ರು ವಾಕಿಂಗ್ ಹೋಗ್ತಾರೆ, ಭಜನೆಗೆ ಸೇರ್ತಾರೆ ಅಂತ ನಾನಂದ್ಕೊಂಡಿದ್ರೆ, ಅವರು ಒಂದು ಹಳೇ ಕೆಂಪು ಸ್ಪೋರ್ಟ್ಸ್ ಕಾರು ತಂದು ಜಯನಗರದ ನಮ್ಮನೆ ಮುಂದೆ ನಿಲ್ಲಿಸಿದ್ರು. ಎರಡೇ ಸೀಟು. ಓಡಿಸ್ಕೊಂಡಲ್ಲ, ಎಳಸ್ಕೊಂಡು ಬಂದದ್ದು!

ನೆಂಟರೆಲ್ಲ ಬಿದ್ದು ಬಿದ್ದು ನಕ್ಕರು. ನಗದೇ ಇದ್ದೋಳು ನಮ್ಮ ಮಗಳೊಬ್ಬಳೇ. ಅವಳಿಗೆ ಮದುವೆ ಗೊತ್ತಾಗಿತ್ತು. "ಅಪ್ಪಾ, ನನ್ನ ಆರತಕ್ಷತೆಗೆ ಛತ್ರಕ್ಕೆ ಇದರಲ್ಲೇ ಹೋಗೋದು" ಅಂದ್ಬಿಟ್ಳು. ಅಷ್ಟೇ. ಮಗಳ ಆಸೆ ತೀರಿಸ್ಬೇಕು, ನೆಂಟರ ಬಾಯಿ ಮುಚ್ಚಿಸ್ಬೇಕು ಅಂತ ಆ ಮನುಷ್ಯ ಎಂಜಿನ್ ಬಿಚ್ಚಿ ಕೂತ್ರು.

ಹುಣಸೆಹಣ್ಣು

ಬಿಚ್ಚಿದ ಬೋಲ್ಟುಗಳನ್ನೆಲ್ಲ ತಟ್ಟೇಲಿ ಹಾಕಿ ಹಿತ್ತಲ ಕಟ್ಟೆ ಮೇಲಿಟ್ಟಿದ್ರು. ನಾಳೆ ಆಯುಧಪೂಜೆ. ನಮ್ಮತ್ತೆಗೆ ಪೂಜೆಗಿಡೋ ಸಾಮಾನು ಫಳಫಳ ಅನ್ನಬೇಕು, ಇಲ್ದಿದ್ರೆ ಮೈ ಉರಿಯುತ್ತೆ. ದೀಪದ ಕಂಬಗಳ ಜೊತೆ ಬೋಲ್ಟುಗಳನ್ನೂ ಹುಣಸೆಹಣ್ಣಿಗೆ ನೆನೆಹಾಕಿದ್ರು. ಬೆಳಿಗ್ಗೆ ಎದ್ದು ತಿಕ್ಕಿ ತೊಳೆದು, ಒಂದೊಂದರ ತಲೆಗೂ ಕುಂಕುಮ ಇಟ್ಟು ದೇವರ ಮುಂದೆ ಸಾಲಾಗಿ ನಿಲ್ಲಿಸಿದ್ರು.

ಯಜಮಾನ್ರು ನೋಡಿ ತಲೆ ಮೇಲೆ ಕೈ ಹೊತ್ಕೊಂಡ್ರು. "ಅಯ್ಯೋ ಅಮ್ಮಾ, ಇವು ಎಂಜಿನ್ ಬೋಲ್ಟು! ರಾತ್ರಿಯೆಲ್ಲ ಹುಳೀಲಿ ನೆಂದ್ರೆ ಒಳಗೇ ಬಿರುಕು ಬಿಡಬಹುದು. ಓಡೋವಾಗ ಒಂದು ಪಟ್ ಅಂದ್ರೂ ಎಂಜಿನ್ ಹೋಯ್ತು. ಇನ್ನು ನಂಬೋ ಹಾಗಿಲ್ಲ, ಎಲ್ಲಾ ಹೊಸದು ತರಬೇಕು."

ಅತ್ತೆ ಊದುಬತ್ತಿ ಹಚ್ತಾ ತಿರುಗೂ ನೋಡ್ಲಿಲ್ಲ. "ಹುಟ್ಟಿದಾಗಿಂದ ನಿಂಗೆ ದಿನಾ ಹುಳಿ ಮಾಡಿ ಹಾಕಿದೀನಿ. ನೀನೆಲ್ಲೋ ಬಿರುಕು ಬಿಟ್ಟೆ?"

ಪಾತ್ರೆ ಅಂಗಡಿ ಕಣ್ಣು

ಬನಶಂಕರಿಯ ನಟ್ಟು ಬೋಲ್ಟು ಅಂಗಡಿಗೆ ನಾನೂ ಹೊರಟೆ. ಇವರನ್ನ ಒಬ್ಬರನ್ನೇ ಕಳಿಸಿದ್ರೆ ಹೇಳಿದ ರೇಟ್ ಕೊಟ್ಟು, ಮೇಲೊಂದು ಥ್ಯಾಂಕ್ಸ್ ಹೇಳಿ ಬರ್ತಾರೆ.

ಅಂಗಡಿಯವರು ಎರಡು ಥರ ತೋರಿಸಿದ್ರು. ಒಂದು ಥಳಥಳ ಸ್ಟೇನ್‌ಲೆಸ್ ಸ್ಟೀಲು, ಇನ್ನೊಂದು ಕರ್ರಗೆ ಇದ್ದಿಲ ಥರ. ನಾನು ಸ್ಟೀಲಿನದನ್ನ ಉಗುರಲ್ಲಿ ಟಣ್ ಅನ್ನಿಸಿ ನೋಡಿ, "ಇದೇ ಇರಲಿ. ತುಕ್ಕು ಹಿಡಿಯಲ್ಲ. ನನ್ನ ಮದುವೇಲಿ ಕೊಟ್ಟ ಬೋಸಿ ಇನ್ನೂ ಹೊಸದರ ಥರ ಇದೆ" ಅಂದೆ.

"ನಿನ್ನ ಬೋಸಿಯೊಳಗೆ ಪೆಟ್ರೋಲ್ ಉರಿಯುತ್ತೇನೇ?" ಅಂದ್ರು ಯಜಮಾನ್ರು. "ಎಂಜಿನ್ ಒತ್ತಡ ತಡ್ಕೊಳೋದು ಈ ಕರೀದೇ. ತಲೆ ಮೇಲೆ ನಂಬರ್ ನೋಡು, ಅದು ಎಷ್ಟು ಗಟ್ಟಿ ಅನ್ನೋದರ ಗುರುತು."

"ಸಾರ್ ಹೇಳ್ತಿರೋದು ಕರೆಕ್ಟು ಮೇಡಂ" ಅಂದ್ರು ಅಂಗಡಿಯವರು. ಸರಿ, ಗಂಡಸರು ಒಂದಾದ ಮೇಲೆ ಮುಗೀತಲ್ಲ.

ಹಳೇದರ ಪಕ್ಕ ಹೊಸದಿಟ್ಟು ಉದ್ದ, ದಪ್ಪ, ತಿರುಪಿನ ಗೆರೆ ಎಲ್ಲ ಹೊಂದಿಸೋದರಲ್ಲಿ ಮಧ್ಯಾಹ್ನ ಆಯ್ತು. ಯಜಮಾನ್ರು ದುಡ್ಡು ಕೊಟ್ಟು ಸ್ಕೂಟರ್ ತೆಗೆಯೋಕೆ ಹೋದ್ರು. ನನಗೆ ಬಾಯಿ ಸುಮ್ನಿರುತ್ತಾ? "ಏನ್ ಸ್ವಾಮಿ, ಇಷ್ಟೊಂದು ತಗೊಂಡಿದೀವಿ. ಸೊಪ್ಪಿನವಳು ಕೂಡ ಒಂದು ಹಿಡಿ ಕೊತ್ತಂಬರಿ ಜಾಸ್ತಿ ಹಾಕ್ತಾಳೆ. ನೀವು ಕೊಸರು ಹಾಕಲ್ವಾ?" ಬೋಲ್ಟಿಗೆ ಕೊಸರು ಕೇಳಿದೋರನ್ನ ಅವರು ಜನ್ಮದಲ್ಲಿ ನೋಡಿರಲಿಲ್ಲ ಅಂತ ಕಾಣುತ್ತೆ. ನಗ್ತಾ ಇನ್ನೊಂದು ಬೋಲ್ಟು ಪೊಟ್ಟಣಕ್ಕೆ ಹಾಕಿದ್ರು.

ನಮ್ಮನೇಲಿ ಲೋಟ ಸೌಟಿಗೆಲ್ಲ ಹೆಸರು ಕೊರೆಸಿರ್ತೀವಿ. ಮನೆಗೆ ಬಂದ್ಮೇಲೆ ಅತ್ತೆ ಕನ್ನಡಕ ಹಾಕ್ಕೊಂಡು ಬೋಲ್ಟನ್ನ ತಿರುಗಿಸಿ ತಿರುಗಿಸಿ ನೋಡಿದ್ರು. "ಹೆಸರಿಲ್ಲ, ಛತ್ರದ ಪಾತ್ರೆ ಥರ ಬರೀ ನಂಬರು! ಥೂ, ಯಾವ್ದೋ ಛತ್ರದ ಸಾಮಾನು ಎತ್ಕೊಂಡು ಬಂದಿದೀರಲ್ಲೋ. ಹೋಗಿ ವಾಪಸ್ ಕೊಟ್ಬನ್ನಿ!"

ತಟ್ಟೇಲಿ ಉಳಿದದ್ದು

ಆರತಕ್ಷತೆಗೆ ಇನ್ನೊಂದು ವಾರ. ನಾನು ಶ್ರೀನಗರದ ಕಡೆ ನೆಂಟರನ್ನ ಕರೆಯೋಕೆ ಹೋಗಿದ್ದೆ. ಸಾಯಂಕಾಲ ಬಂದು ನೋಡ್ತೀನಿ, ಬೆಳಿಗ್ಗೆ ಪೂರ್ತಿ ಜೋಡಿಸಿದ್ದ ಎಂಜಿನ್ ಮತ್ತೆ ಬಿಚ್ಕೊಂಡು ಬಿದ್ದಿದೆ! ಯಜಮಾನ್ರು ಪಕ್ಕದಲ್ಲಿ ನೆಲದ ಮೇಲೆ ಕೂತಿದಾರೆ. ಕಣ್ಣಲ್ಲಿ ನೀರು. "ಏನಾಯ್ತು ರೀ?" ಅಂದೆ.

"ಎಲ್ಲಾ ಹಾಕಿ ಮುಗಿಸಿದ್ಮೇಲೆ ತಟ್ಟೇಲಿ ಒಂದು ಬೋಲ್ಟು ಉಳೀತು ಕಣೇ. ಎಲ್ಲೋ ಒಂದು ಬಿಟ್ಟಿದೀನಿ ಅಂತ ಮತ್ತೆ ಬಿಚ್ಚಿದೆ. ಬೋಲ್ಟೆಲ್ಲ ಸರಿಯಾಗೇ ಇತ್ತು. ಆದ್ರೆ ಗಾಳಿ ಹೋಗೋ ದಾರೀಲಿ ಇದು ಸಿಕ್ತು" ಅಂತ ಒಂದು ಬಟ್ಟೆ ಚೂರು ತೋರಿಸಿದ್ರು. ಧೂಳು ಬೀಳದೇ ಇರಲಿ ಅಂತ ಅವರೇ ತುರುಕಿದ್ದ ಹಳೇ ಬನಿಯನ್ನು. ಮರೆತು ಮುಚ್ಚಿಬಿಟ್ಟಿದ್ರಂತೆ. "ಸ್ಟಾರ್ಟ್ ಮಾಡಿದ್ರೆ ಒಳಗೆ ಎಳ್ಕೊಂಡು ಎಂಜಿನ್ ಹಾಳಾಗೋದು. ಆ ದೇವರೇ ಒಂದು ಬೋಲ್ಟು ಉಳಿಸಿದ."

"ದೇವರಲ್ಲ ರೀ, ನಾನು! ಅದು ಅಂಗಡೀಲಿ ನಾನು ಕೇಳಿ ಹಾಕಿಸ್ಕೊಂಡ ಕೊಸರು" ಅಂದೆ.

ಯಜಮಾನ್ರು ಬೋಲ್ಟನ್ನ ಎತ್ತಿ ನನ್ನ ಕೈಗಿಟ್ರು. "ಇಷ್ಟು ವರ್ಷ ನೀನು ಕೊಸರು ಕೇಳೋವಾಗೆಲ್ಲ ನಾಚ್ಕೊಂಡು ಅಂಗಡಿ ಹೊರಗೆ ನಿಂತ್ಕೋತಿದ್ನಲ್ಲೇ!"

ನಾನು ಬಿಡ್ತೀನಾ? "ಇನ್ಮೇಲೆ ಒಳಗೇ ನಿಂತ್ಕೊಳಿ. ಚೀಲ ಹಿಡ್ಕೊಳಕ್ಕೆ ಜನ ಬೇಕು."

ಆ ಬೋಲ್ಟನ್ನ ನನ್ನ ಪರ್ಸಿಗೆ ಹಾಕ್ಕೊಂಡೆ.

ಮೀಟರ್ ಮೇಲೆ

ಆರತಕ್ಷತೆ ದಿನ ಕೀಲಿ ತಿರುಗಿಸಿದ ತಕ್ಷಣ ಕಾರು ಗುರ್ ಅಂತು. ಅಳಿಯಂದ್ರಿಗೆ ಗೇರ್ ಇಲ್ಲದ ಕಾರು ಮಾತ್ರ ಬರೋದು. ಹಾಗಾಗಿ ಮಗಳು ರೇಷ್ಮೆ ಸೀರೆ ಎತ್ತಿ ಕಟ್ಕೊಂಡು ತಾನೇ ಓಡಿಸಿದಳು, ಅಳಿಯಂದ್ರು ಹಾರ ಹಿಡ್ಕೊಂಡು ಪಕ್ಕದಲ್ಲಿ ಕೂತ್ರು. ರಿಪೇರಿ ಮಾಡಿದೋರಿಗೆ ಸೀಟಿಲ್ಲ! ನಾವಿಬ್ಬರೂ ಹಿಂದೆ ಆಟೋದಲ್ಲಿ. ಯಜಮಾನ್ರು ತೊಡೆ ಮೇಲೆ ಸ್ಪ್ಯಾನರ್ ಡಬ್ಬ ಇಟ್ಕೊಂಡು, ರೋಡ್ ಹಂಪ್ ಬಂದಾಗೆಲ್ಲ ಕತ್ತು ಹೊರಗೆ ಹಾಕಿ "ಮೆಲ್ಲಗೆ ಮಗಳೇ!" ಅಂತ ಕೂಗ್ತಿದ್ರು.

ಸಾರಕ್ಕಿ ಹತ್ರ ಖಡಾರ್ ಅಂತ ಸದ್ದಾಯ್ತು. ಯಜಮಾನ್ರು ಸ್ಪ್ಯಾನರ್ ಡಬ್ಬ ಎದೆಗವಚ್ಕೊಂಡ್ರು. "ಹೋಯ್ತು ಕಣೇ. ಎಂಜಿನ್ ಹೋಯ್ತು."

ನೋಡಿದ್ರೆ ಕೆಂಪು ಕಾರು ಆರಾಮಾಗಿ ಮುಂದೆ ಹೋಗ್ತಿದೆ. ನಿಂತಿದ್ದು ನಮ್ಮ ಆಟೋ! ಬೋಲ್ಟೊಂದು ಉದುರಿ ಸೈಲೆನ್ಸರ್ ರಸ್ತೆಗೆ ಜೋತು ಬಿದ್ದಿತ್ತು. "ಬೇರೆ ಗಾಡಿ ನೋಡ್ಕೊಳಿ ಸಾರ್" ಅಂದ ಡ್ರೈವರ್. ಯಜಮಾನ್ರು ರೇಷ್ಮೆ ಪಂಚೇಲೇ ಮಂಡಿಯೂರಿ ಬಗ್ಗಿ ನೋಡಿದ್ರು. "ನಟ್ಟು ಗಟ್ಟಿಯಾಗಿದೆ. ಇದರ ಅಳತೆಗೆ ಒಂದು ಬೋಲ್ಟು ಸಿಕ್ಕಿದ್ರೆ..."

ನಾನು ಪರ್ಸಿಂದ ಬೋಲ್ಟು ತೆಗೆದು ಡ್ರೈವರ್‌ಗೆ ಕೊಟ್ಟೆ. "ತಗೊಳಪ್ಪ, ಕೊಸರು."

ಅಳತೆ ಮಾಡಿಸಿದ ಹಾಗೆ ಕೂತ್ಕೊಂಡಿತು.

ಜೆ.ಪಿ. ನಗರದ ಛತ್ರದ ಮುಂದೆ ಇಳಿದಾಗ, ನಕ್ಕಿದ್ದ ನೆಂಟರೆಲ್ಲ ಕೆಂಪು ಕಾರಿಗೆ ಒರಗಿ ಸೆಲ್ಫಿ ತಗೋತಿದ್ರು. ಮಗಳು ಓಡಿ ಬಂದು, "ಅಪ್ಪಾ, ದಾರೀಲೆಲ್ಲೂ ಒಂಚೂರೂ ತೊಂದರೆ ಕೊಡಲಿಲ್ಲ, ಸಖತ್ತಾಗಿತ್ತು!" ಅಂತ ತಬ್ಕೊಂಡ್ಲು. ಯಜಮಾನ್ರು ಗ್ರೀಸಾದ ಕೈ ಅವಳ ಸೀರೆಗೆ ತಾಗದ ಹಾಗೆ ಮೇಲೆತ್ಕೊಂಡು ಅತ್ತೇಬಿಟ್ರು. ನನಗೂ ಅಳು ಬಂತು.

ಕಣ್ಣೊರೆಸ್ಕೊಂಡು ಮೀಟರ್ ನೋಡಿ ದುಡ್ಡು ಕೊಟ್ಟೆ. ಡ್ರೈವರ್ ತಲೆ ಕೆರ್ಕೊಂಡ. "ಅಕ್ಕಾ, ಮೀಟರ್ ಮೇಲೆ ಏನಾದ್ರೂ..."

"ಏನಪ್ಪಾ ಇದು! ಆಗ್ಲೇ ಕೊಸರು ಕೊಟ್ಟಿದೀನಲ್ಲ!"

"ಅದು ಗಾಡಿಗೆ ಕೊಟ್ಟಿದ್ದು ಅಕ್ಕಾ. ನಂದೆಲ್ಲಿ?"