ಕದಿರಪ್ಪ ತೋರಿಸಿದ ಡಾಲ್ಫಿನ್

ಕದಿರಪ್ಪ ಹುಟ್ಟಿದಾಗಿನಿಂದ ಸಮುದ್ರ ನೋಡಿರಲಿಲ್ಲ. ಎಲ್ಲ ತಂಟೆಗೂ ಮೂಲ ಇದೇ.

ಹೋದ ವರ್ಷ ತಾಯಲೂರಿನ ಮನೆಯಲ್ಲಿ ರೇಷ್ಮೆಹುಳು ಹಣ್ಣಾಗಿ ಗೂಡು ಕಟ್ಟುವ ಹೊತ್ತಿಗೆ ಸರಿಯಾಗಿ ಈ ಪುಣ್ಯಾತ್ಮ ಮೂರು ದಿನ ನಾಪತ್ತೆಯಾಗಿದ್ದ. ಇದ್ದದ್ದು ಟೇಕಲ್ಲಿನ ಗೆಳೆಯನ ಪಂಪ್‌ಹೌಸಿನಲ್ಲಿ, ಇಸ್ಪೀಟಿನ ಮುಂದೆ. ಇಸ್ಪೀಟು ಮುಟ್ಟುವುದಿಲ್ಲವೆಂದು ಹೆಂಡತಿ ಮುನಿಗಂಗಮ್ಮನ ತಲೆಯ ಮೇಲೆ ಕೈಯಿಟ್ಟು ಆಣೆ ಮಾಡಿದ್ದವನು ನಿಜ ಹೇಳಲಾದೀತೇ? “ರೇಷ್ಮೆ ಬೆಳೆಗಾರರ ಜೊತೆ ಕಾರವಾರಕ್ಕೆ ಟೂರ್ ಹೋಗಿದ್ದೆ ಕಣೇ” ಎಂದುಬಿಟ್ಟ. ಒಬ್ಬಳೇ ಹುಳುವನ್ನೆಲ್ಲ ಆಯ್ದು ಗೂಡು ಕಟ್ಟುವ ಬಿದಿರಿನ ಚಂದ್ರಿಕೆಗೆ ಬಿಟ್ಟು ಸೊಂಟ ಹಿಡಿದುಕೊಂಡು ಕೂತಿದ್ದ ಆ ಹೆಂಗಸು ನಂಬಿದಳು. “ಹೋಗ್ಲಿ ಬಿಡಿ, ನೀವಾದ್ರೂ ಸಮುದ್ರ ನೋಡಿದ್ರಲ್ಲ” ಎಂದಳು.

ಅಲ್ಲಿಗೆ ಬಾಯಿ ಮುಚ್ಚಿಕೊಂಡಿದ್ದರೆ ಇವನ ಗಂಟೇನು ಹೋಗುತ್ತಿತ್ತು? ಕೇಳಿದವರಿಗೆಲ್ಲ ಮೊಬೈಲಿನಲ್ಲಿ ನೋಡಿದ್ದನ್ನು ಕಣ್ಣಾರೆ ಕಂಡಂತೆ ಹೇಳಿದ. ಡಾಲ್ಫಿನ್ ನೆಗೆದದ್ದು, ಆಮೆ ಮೊಟ್ಟೆಯಿಟ್ಟದ್ದು, ಉಪ್ಪುನೀರಲ್ಲೇ ಕಾಡು ಬೆಳೆದದ್ದು. ಅಷ್ಟರಲ್ಲಿ ಮಗಳ ಮದುವೆಯಾಯಿತು. ಬೀಗರಾದ ಶ್ರೀನಿವಾಸಪುರದ ಮಾವಿನತೋಟದ ಅಮರನಾಥ್ ಈ ಕತೆ ಕೇಳಿದ್ದೇ ತಡ, ಎರಡೂ ಮನೆಯವರಿಗೆ ಸೇರಿಸಿ ಒಂದು ವ್ಯಾನು ಗೊತ್ತುಮಾಡಿಬಿಟ್ಟರು.

“ಗೈಡು ಗೀಡು ನಮಗ್ಯಾಕೆ? ಬೀಗರೇ ಇದಾರಲ್ಲ, ಎಲ್ಲ ಅವರೇ ತೋರಿಸ್ತಾರೆ” ಎಂದರು.

ಬೀಗರ ಮುಂದೆ ಮಾನ ಹೋದರೆ ಮಗಳು ಅತ್ತೆಮನೆಯಲ್ಲಿ ತಲೆಯೆತ್ತುವುದು ಹೇಗೆ? ಕದಿರಪ್ಪ ತೆಪ್ಪಗೆ ವ್ಯಾನು ಹತ್ತಿದ.

ಬೆಳಗ್ಗೆ ಕಾರವಾರದಲ್ಲಿ ಇಳಿದು ನೋಡುತ್ತಾನೆ, ಆಚೆ ದಡವೇ ಇಲ್ಲದಷ್ಟು ನೀರು. ಒಂದು ಗಳಿಗೆ ವ್ಯಾನಿನ ಬಾಗಿಲು ಹಿಡಿದುಕೊಂಡ. ಆದರೂ ಹಳೇ ಪರಿಚಯದವನಂತೆ ಸೊಂಟಕ್ಕೆ ಕೈಕೊಟ್ಟು ನಿಂತ.

ಮರಳಿನ ತುಂಬ ಸಣ್ಣ ಸಣ್ಣ ಬಿಲಗಳಿದ್ದವು. “ಇವೇನು ಬೀಗರೇ?” ಎಂದರು ಅಮರನಾಥ್.

“ಆಮೆ ಮೊಟ್ಟೆ ಇಡೋ ಗೂಡು. ಕೈ ಹಾಕಿ ನೋಡಿ, ಬೆಚ್ಚಗಿರ್ತವೆ.”

ಕೈ ಹಾಕಿದ ಅಮರನಾಥ್ ಕಿಟಾರನೆ ಕಿರುಚಿದರು. ಬೆರಳಿಗೆ ಏಡಿಯೊಂದು ಜೋತುಬಿದ್ದಿತ್ತು.

“ಓ, ಮರಿ ಆಗೋಗಿದೆ” ಎಂದ ಕದಿರಪ್ಪ.

“ಇದು ಏಡಿ ಅಲ್ವೇನ್ರಿ? ನಮ್ಮ ಗದ್ದೇಲೂ ಇರ್ತವೆ” ಎಂದಳು ಮುನಿಗಂಗಮ್ಮ.

“ಸುಮ್ನಿರೇ. ಇದು ಸಮುದ್ರ” ಎಂದು ಗದರಿದ. ಬೀಗರು ಬೆರಳು ಚೀಪುತ್ತ ಅದನ್ನೂ ಒಪ್ಪಿಕೊಂಡರು. ಅವರ ಆ ನಂಬಿಕೆ ನೋಡಿಯೇ ಕದಿರಪ್ಪನಿಗೆ ನಾಚಿಕೆಯಾಯಿತು.

ಅಷ್ಟರಲ್ಲಿ ದೋಣಿಯವನೊಬ್ಬ ಬಂದು, ಡಾಲ್ಫಿನ್ ನೋಡಬೇಕಾದರೆ ದೋಣಿ ಹತ್ತಿ ಎಂದ. ಅಲೆಯ ಮೇಲೆ ಆ ದೋಣಿ ಕುಣಿಯುವುದನ್ನು ಕಂಡೇ ಕದಿರಪ್ಪ ಬೀಗರ ಬೆನ್ನ ಹಿಂದೆ ಸರಿದ. ಈಜು ಬೇರೆ ಬಾರದು.

“ದೋಣಿ ಬೇಡ. ಹೋದ ಸಲ ನಾವು ನೋಡಿದ್ದು ಆ ಬಂಡೆ ಮೇಲಿಂದ” ಎಂದು ದೂರದ ಕಪ್ಪು ಬಂಡೆಯತ್ತ ಬೆರಳು ಮಾಡಿದ. ನೀರು ಹಿಂದೆ ಸರಿದಿತ್ತು. ಬಂಡೆಯವರೆಗೂ ಬರೀ ಒದ್ದೆ ಮರಳು. ಎಲ್ಲರೂ ಚಪ್ಪಲಿ ಅಲ್ಲೇ ಬಿಟ್ಟು, ಮುದ್ದೆಯ ಡಬ್ಬಿ ಹೊತ್ತುಕೊಂಡು ಹೊರಟರು.

“ನೀರು ವಾಪಸ್ ಬಂದ್ರೆ?” ಎಂದಳು ಮುನಿಗಂಗಮ್ಮ.

“ಒಂದ್ಸಲ ಹಿಂದಕ್ಕೆ ಹೋದ ನೀರು ಮುಂದಿನ ಮಳೆಗಾಲದವರೆಗೂ ಬರಲ್ಲ ಕಣೇ. ನಮ್ಮೂರ ಕೆರೆ ನೋಡಿಲ್ವಾ?”

ಕೆರೆ ನೀರು ಕುಡಿದು ಬೆಳೆದ ಆ ಜನರಲ್ಲಿ ಯಾರಿಗೂ ಈ ಮಾತಿನಲ್ಲಿ ತಪ್ಪು ಕಾಣಲಿಲ್ಲ.

ಬಂಡೆಯ ಮೇಲೆ ಕೂತು ಮುದ್ದೆ ನುಂಗಿ, ಎಲೆಅಡಿಕೆ ಹಾಕಿಕೊಂಡು ತಿರುಗಿ ನೋಡಿದರೆ ದಾರಿ ಎಂಬುದೇ ಇಲ್ಲ. ಸುತ್ತ ನೀರು. ಚಪ್ಪಲಿಗಳೆಲ್ಲ ಸಾಲಾಗಿ ತೇಲಿಕೊಂಡು ಹೋಗುತ್ತಿದ್ದವು. ಹೆಂಗಸರು ಮನೆದೇವರಿಗೆ ಹರಕೆ ಹೊರತೊಡಗಿದರು. ಅಮರನಾಥರ ಮುಖ ಸುಣ್ಣವಾಯಿತು. ಕದಿರಪ್ಪ ಟವಲಿನಲ್ಲಿ ಮುಖ ಮುಚ್ಚಿಕೊಂಡ. ಹೊಸ ಬೀಗರನ್ನು ಕರೆತಂದು ನೀರಿಗೆ ಕೊಟ್ಟೆನಲ್ಲ, ಈ ಬಂಡೆಯೇ ಬಾಯ್ಬಿಟ್ಟು ನನ್ನನ್ನು ನುಂಗಬಾರದೇ ಎಂದುಕೊಂಡ.

ಆಗಲೇ ಎದುರಿಗೆ ಬೂದುಬಣ್ಣದ ಬೆನ್ನೊಂದು ಎದ್ದಿತು. ಅದರ ಹಿಂದೆ ಇನ್ನೊಂದು. ಆಮೇಲೆ ಒಂದು ಹಿಂಡೇ ಬಂಡೆಯ ಪಕ್ಕದಲ್ಲಿ ನೆಗೆದು ಮುಳುಗಿ, ನೆಗೆದು ಮುಳುಗಿ ಹೋಯಿತು.

ಖುಷಿ ಹೆಚ್ಚಾದಾಗ ಅಮರನಾಥರಿಗೆ ತೆಲುಗೇ ಬರುವುದು. “ಚಾಲ ಬಾಗುಂದಿ ಬಾವಗಾರೂ” ಎಂದು ಕದಿರಪ್ಪನನ್ನು ಅಪ್ಪಿಕೊಂಡರು. “ನೀರು ಬಂದ್ರೇನೇ ಮೀನೂ ಹತ್ರ ಬರೋದು. ಹೇಳಿದ್ರೆ ಹೆದರ್ತೀವಿ ಅಂತ ಹೇಳ್ದೇನೇ ಕೂರಿಸಿದೀರ.”

ದೋಣಿಯವನು ಬಂದು ಎಲ್ಲರನ್ನೂ ಹತ್ತಿಸಿಕೊಳ್ಳುತ್ತ, “ಯಾವ ತಲೆಕೆಟ್ಟವ ನಿಮ್ಮನ್ನ ಇಲ್ಲಿ ತಂದು ಕೂರಿಸಿದ್ದು?” ಎಂದು ಬೈದ. ಅಮರನಾಥ್ ಅವನ ಮೇಲೇ ಏರಿಹೋದರು. “ಬಾಯಿ ಬಿಗಿ ಹಿಡಿದು ಮಾತಾಡಪ್ಪ. ನಿನಗಿಂತ ಚೆನ್ನಾಗಿ ಸಮುದ್ರ ಬಲ್ಲೋರು ಅವರು.”

ದಡ ಮುಟ್ಟುವಷ್ಟರಲ್ಲಿ ಮುಂದಿನ ಪ್ರವಾಸವೂ ತೀರ್ಮಾನವಾಗಿತ್ತು. ಬಂಡೀಪುರ. ಅಮರನಾಥರ ನೆಂಟರೆಲ್ಲ ಬರುತ್ತಾರೆ, ಹುಲಿ ತೋರಿಸುವುದು ಕದಿರಪ್ಪನೇ.

ಬೈದಿದ್ದರೆ ತಡೆದುಕೊಳ್ಳುತ್ತಿದ್ದನೋ ಏನೋ. ಈ ಹೊಗಳಿಕೆ ತಡೆಯಲಾಗಲಿಲ್ಲ. ಕೈಜೋಡಿಸಿ ಎಲ್ಲರೆದುರು ಹೇಳಿಯೇಬಿಟ್ಟ. “ತಪ್ಪಾಯ್ತು ಬೀಗರೇ. ನಾನು ಈವತ್ತಿನವರೆಗೂ ಸಮುದ್ರ ನೋಡಿದವನೇ ಅಲ್ಲ. ಹೋದ ವರ್ಷ ಕಾರವಾರಕ್ಕೆ ಬಂದಿದ್ದೆ ಅಂದದ್ದು ಸುಳ್ಳು.”

ಅಮರನಾಥ್ ಹೊಟ್ಟೆ ಹಿಡಿದುಕೊಂಡು ನಕ್ಕರು. “ನೋಡ್ರೋ, ಎಷ್ಟು ಸಂಕೋಚ ಅಂತ. ಇಷ್ಟು ತಿಳಿದೂ ಏನೂ ಗೊತ್ತಿಲ್ಲ ಅಂತಾರೆ.” ಎಲ್ಲರೂ ನಗುತ್ತ ವ್ಯಾನಿನ ಕಡೆ ನಡೆದರು. ಒಬ್ಬರೂ ನಂಬಲಿಲ್ಲ.

ಕದಿರಪ್ಪ ತಲೆತಗ್ಗಿಸಿ ನಿಂತ. ಸೆರಗಿನ ನೀರು ಹಿಂಡುತ್ತ ಮುನಿಗಂಗಮ್ಮ ಪಕ್ಕಕ್ಕೆ ಬಂದಳು.

“ಅವರು ನಂಬದಿದ್ರೆ ಬಿಡಿ. ನಾನು ನಂಬ್ತೀನಿ” ಎಂದಳು ಮೆಲ್ಲಗೆ.

ಅವನ ಕಣ್ಣು ತುಂಬಿ ಬಂತು. ಇವಳೊಬ್ಬಳಾದರೂ ಅರ್ಥ ಮಾಡಿಕೊಂಡಳಲ್ಲ ಎಂದು ಅವಳ ಕೈ ಹಿಡಿಯಹೋದ.

ಅವಳು ಕೈ ಕೊಡಲಿಲ್ಲ. “ಹಂಗಾದ್ರೆ, ನಾನು ಹುಳದ ಮನೇಲಿ ಸಾಯ್ತಿದ್ದಾಗ ಆ ಮೂರು ದಿನ ನೀವೆಲ್ಲಿದ್ರಿ?”

ವ್ಯಾನಿನಲ್ಲಿ ಅವನ ಸೀಟು ಅವಳ ಪಕ್ಕದ್ದೇ. ತಾಯಲೂರಿಗೆ ಇನ್ನೂ ಇಡೀ ರಾತ್ರಿಯ ದಾರಿಯಿತ್ತು.