ಹೊರಬಿದ್ದ ಮೇಲಿನ ಎರಡು ಪಂದ್ಯಗಳು

1985ರ ಮಾರ್ಚ್ 21ರಂದು ಜಕಾರ್ತಾದಲ್ಲಿ ನಡೆದ ವಿಶ್ವಕಪ್ ಫುಟ್‌ಬಾಲ್ ಅರ್ಹತಾ ಪಂದ್ಯದಲ್ಲಿ ಭಾರತ ಇಂಡೋನೇಷ್ಯಾಕ್ಕೆ 1-2 ಗೋಲುಗಳಿಂದ ಸೋತಿತು. ಸ್ಯಾನ್ ಫ್ರಾನ್ಸಿಸ್ಕೋ ಬಳಿಯ ನಮ್ಮ ಫ್ರೀಮಾಂಟಿನಲ್ಲಿ ಈ ಸುದ್ದಿ ಬೇಕಾಗಿದ್ದವನು ನಾನೊಬ್ಬನೇ ಎಂದು ಹೇಳಿದರೆ ಉತ್ಪ್ರೇಕ್ಷೆಯಾದೀತು. ನಮ್ಮ ಮನೆಯಲ್ಲಿ ಮಾತ್ರ ನಾನೊಬ್ಬನೇ. ಹೆಂಡತಿ ವನಜಾ, "ಭಾರತ ಫುಟ್‌ಬಾಲ್ ಬೇರೆ ಆಡುತ್ತಾ?" ಎಂದು ಕೇಳಿ ಒಗ್ಗರಣೆಯ ಕಡೆ ತಿರುಗಿದಳು. ಪ್ರತಿ ಶನಿವಾರ ಸಾಕ್ಸ್ ಏರಿಸಿಕೊಂಡು ಸಾಕರ್ ಆಡಲು ಹೋಗುವ ಮಗಳು ಸ್ಮಿತಾ ತಲೆ ಎತ್ತಿ, "ರಿಯಲಿ? ವರ್ಲ್ಡ್ ಕಪ್?" ಎಂದಳು. ಆ ಪ್ರಶ್ನೆಯಲ್ಲಿ ಗೌರವಕ್ಕಿಂತ ಅನುಮಾನವೇ ಹೆಚ್ಚಿತ್ತು.

ಬೆಂಗಳೂರಿನ ಒಂದು ಪತ್ರಿಕೆಯಲ್ಲಿ ನಾನು ಕೆಲವು ವರ್ಷ ಉಪಸಂಪಾದಕನಾಗಿದ್ದೆ. ಈಗ ಸ್ಯಾನ್ ಮಟಿಯೋದ ಆಫೀಸೊಂದರಲ್ಲಿ ಯಂತ್ರಗಳ ಕೈಪಿಡಿ ತಿದ್ದುತ್ತೇನೆ. ಯಂತ್ರಗಳು ಗೆಲ್ಲುವುದಿಲ್ಲ, ಸೋಲುವುದೂ ಇಲ್ಲ. ಹಾಗಾಗಿ ಕೈಪಿಡಿಯಲ್ಲಿ ಸುದ್ದಿ ಇರುವುದಿಲ್ಲ. ಹಳೆಯ ಚಟ ತೀರಿಸಿಕೊಳ್ಳಲು ನನಗಿದ್ದ ಒಂದೇ ಜಾಗ ನಮ್ಮ ಕನ್ನಡ ಬಳಗದ ಸುದ್ದಿಹಾಳೆ. ಬಳಗದಲ್ಲಿ ಯಾರ ಬಳಿಯೂ ಕನ್ನಡ ಟೈಪ್‌ರೈಟರ್ ಇರಲಿಲ್ಲ. ಬಿಳಿ ಹಾಳೆಯ ಮೇಲೆ ಕಪ್ಪು ಶಾಯಿಯಲ್ಲಿ ಕೈಯಾರೆ ಬರೆದು, ಝೆರಾಕ್ಸ್ ಮಾಡಿಸಿ, ಮಡಚಿ ಹಂಚಬೇಕು. ಈ ಕೆಲಸ ಬೇರೆ ಯಾರಿಗೂ ಬೇಡವಾಗಿದ್ದರಿಂದ ಪ್ರತಿ ವರ್ಷವೂ ನಾನು ಅವಿರೋಧವಾಗಿ ಸಂಪಾದಕನಾಗುತ್ತಿದ್ದೆ. ಅವಿರೋಧ ಎಂಬ ಪದವನ್ನು ನಾನು ಜನಪ್ರಿಯತೆ ಎಂದು ಅರ್ಥಮಾಡಿಕೊಂಡಿದ್ದೆ. ಸುದ್ದಿಹಾಳೆಯಲ್ಲಿ ಆಶ್ಚರ್ಯಸೂಚಕ ಚಿಹ್ನೆಗೆ ಪ್ರವೇಶವಿರಲಿಲ್ಲ. ಯಾರ ಮಗುವಿನ ನಾಮಕರಣವಾದರೂ, "ನೆರವೇರಿತು" ಎಂದಷ್ಟೇ ಬರೆಯುತ್ತಿದ್ದೆ. "ವಿಜೃಂಭಣೆಯಿಂದ" ಎಂದು ಸೇರಿಸಿ ಎಂದು ಅಜ್ಜಿಯರು ಫೋನು ಮಾಡಿದರೂ ಜಗ್ಗುತ್ತಿರಲಿಲ್ಲ. ವಿಜೃಂಭಣೆಯನ್ನು ನಾನು ಕಣ್ಣಾರೆ ಕಂಡಿರಲಿಲ್ಲವಲ್ಲ.

ಇನ್ನು ಫುಟ್‌ಬಾಲಿನ ಲೆಕ್ಕ. ನಮ್ಮ ಗುಂಪಿನಲ್ಲಿ ಇದ್ದದ್ದು ನಾಲ್ಕು ದೇಶ: ಭಾರತ, ಇಂಡೋನೇಷ್ಯಾ, ಥಾಯ್ಲೆಂಡ್, ಬಾಂಗ್ಲಾದೇಶ. ಪ್ರತಿಯೊಬ್ಬರೂ ಉಳಿದ ಮೂವರ ಜೊತೆ ಎರಡೆರಡು ಸಲ ಆಡಬೇಕು. ಗೆದ್ದರೆ ಎರಡು ಅಂಕ, ಸಮವಾದರೆ ಒಂದು. ಮೊದಲನೆಯವರು ಮುಂದಿನ ಸುತ್ತಿಗೆ, ಉಳಿದ ಮೂವರು ಮನೆಗೆ. ಇಲ್ಲಿನ ಪತ್ರಿಕೆಗಳು ಈ ಗುಂಪಿನ ಬಗ್ಗೆ ಒಂದಕ್ಷರವನ್ನೂ ಹಾಕುತ್ತಿರಲಿಲ್ಲ. ಊರಿನ ಪತ್ರಿಕೆ ಅಂಚೆಯಲ್ಲಿ ಬರುವಷ್ಟರಲ್ಲಿ ಸುದ್ದಿ ಇತಿಹಾಸವಾಗಿರುತ್ತಿತ್ತು. ನನಗಿದ್ದ ಸುದ್ದಿಮೂಲ ಒಂದೇ, ಅದೂ ಎದುರಾಳಿಯದು. ನನ್ನ ಜೊತೆ ಒಂದೇ ಕಾರಿನಲ್ಲಿ ಸೇತುವೆ ದಾಟಿ ಆಫೀಸಿಗೆ ಬರುತ್ತಿದ್ದ ಹರ್ತೊನೊ ಇಂಡೋನೇಷ್ಯಾದವನು. ಅವನ ಅಕ್ಕನಿಗೆ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ತಮ್ಮ ದೇಶದ ಕಚೇರಿಯಲ್ಲಿ ಕೆಲಸ; ಅಲ್ಲಿಗೆ ಟೆಲೆಕ್ಸಿನಲ್ಲಿ ಫಲಿತಾಂಶ ಬರುತ್ತಿತ್ತು. ಭಾರತವನ್ನು ಸೋಲಿಸಿದ ಮರುದಿನ ಅವನು ಕಾರಿಗೆ ಬಾಳೆಹಣ್ಣಿನ ಬಜ್ಜಿ ತಂದ. ಸುದ್ದಿಮೂಲದಿಂದ ತಿಂಡಿ ಸ್ವೀಕರಿಸಬಾರದು ಎಂಬುದು ನಾನು ಕಲಿತ ನಿಯಮ. ಎರಡು ತಿಂದೆ. ನಿಷ್ಪಕ್ಷಪಾತವಾಗಿ ಹೇಳುವುದಾದರೆ, ಚೆನ್ನಾಗಿದ್ದವು.

ಮಾರ್ಚ್ ಕೊನೆಯ ಭಾನುವಾರ ಯುಗಾದಿ ಸಂಚಿಕೆಯ ಕರಡನ್ನು ಬಳಗದ ಅಧ್ಯಕ್ಷ ಅಂಗಡಿಯವರ ಮನೆಗೆ ಒಯ್ದೆ. ಅಂಗಡಿಯವರು ಹುಬ್ಬಳ್ಳಿಯವರು, ಎಂಜಿನಿಯರು, ಗಟ್ಟಿ ದನಿ, ಗಟ್ಟಿ ಚಹಾ. ಹಿಂದಿನ ದಿನವಷ್ಟೇ ಢಾಕಾದಲ್ಲಿ ಭಾರತ ಬಾಂಗ್ಲಾದೇಶವನ್ನು 2-1ರಿಂದ ಸೋಲಿಸಿತ್ತು. ಅದು ಮೊದಲ ಪುಟದಲ್ಲಿತ್ತು. ಅದೇ ತಿಂಗಳು ನಮ್ಮ ಕ್ರಿಕೆಟ್ ತಂಡ ಆಸ್ಟ್ರೇಲಿಯಾದಲ್ಲಿ ಕಪ್ ಗೆದ್ದದ್ದು ಮೂರನೇ ಪುಟದಲ್ಲಿ ಒಂದೇ ಸಾಲಾಗಿತ್ತು.

"ಏನ್ರೀ ಸಂಪಾದಕರ, ಕಪ್ ಗೆದ್ದದ್ದು ಮೂಲ್ಯಾಗ, ಈ ಕಾಲಚೆಂಡು ನೆತ್ತಿ ಮ್ಯಾಲೆ?" ಎಂದರು ಅಂಗಡಿಯವರು.

"ಕ್ರಿಕೆಟ್ ವಿಷಯ ಎಲ್ಲರಿಗೂ ಗೊತ್ತು ಅಂಗಡಿಯವರೇ. ಗೊತ್ತಿರೋದು ಸುದ್ದಿ ಆಗಲ್ಲ."

"ಮತ್ತ ಯಾರಿಗೂ ಬ್ಯಾಡಾದ್ದು ಸುದ್ದಿ ಆಗತೈತೇನು?"

ಅಲ್ಲಿ ಸೇರಿದ್ದ ಬಳಗದ ಸಮಿತಿಯವರು ನಕ್ಕರು. ನಗುವಿಗೆ ಉತ್ತರ ಕೊಡಲು ನಾನು ಪೆನ್ನು ತೆಗೆದು ಲೆಕ್ಕ ವಿವರಿಸಿದೆ. ಇಂಡೋನೇಷ್ಯಾಕ್ಕೆ ಎಂಟು ಅಂಕ, ನಮಗೆ ಥಾಯ್ಲೆಂಡ್ ಜೊತೆ ಸಮವಾದದ್ದೂ ಸೇರಿ ಮೂರು. ಅವರು ಉಳಿದ ಎರಡೂ ಪಂದ್ಯ, ಅದರಲ್ಲಿ ಒಂದು ನಮ್ಮ ಕೈಯಲ್ಲೇ, ಸೋತು, ನಾವು ಉಳಿದ ಮೂರನ್ನೂ ಗೆದ್ದರೆ ನಮಗೆ ಒಂಬತ್ತು, ಅವರಿಗೆ ಎಂಟೇ. ಅಂಗಡಿಯವರು ಚಹಾದ ಲೋಟ ಕೆಳಗಿಟ್ಟರು.

"ಅಂದ್ರ ನಾಕು ಮ್ಯಾಚು ನಿಮ್ಮ ಮನಸ್ಸಿನಂಗ ಆಗಬೇಕು! ಆತು, ಕೇಳ್ರಿ. ನಿಮ್ಮ ಟೀಮು ಮುಂದ ಹೋದ್ರ ಇಡೀ ವರ್ಷ ಮೊದಲನೇ ಪುಟ ನಿಮ್ದು, ನಾ ಬಾಯಿ ತೆರ್ಯೂದಿಲ್ಲ. ಹೋಗಲಿಲ್ಲಂದ್ರ ಈ ಸಲ ಸಂಪಾದಕರ ಕುರ್ಚಿಗೆ ಎಲೆಕ್ಷನ್ನು. ಒಪ್ತೀರೇನು?"

"ಒಪ್ಪಿದೆ" ಎಂದೆ. ನನ್ನ ದನಿ ನನಗೇ ಚೆನ್ನಾಗಿ ಕೇಳಿಸಿತು.

ಮನೆಗೆ ಬರುವಾಗ ಕಾರಿನಲ್ಲಿ ವನಜಾ, "ರೀ, ನಿಮಗೆ ಈ ದೇಶದಲ್ಲಿ ಇರೋದು ಅದೊಂದು ಹಾಳೆ. ಅದನ್ನೂ ತಗೊಂಡೋಗಿ ಫುಟ್‌ಬಾಲ್ ಮೇಲೆ ಇಟ್ರಲ್ಲ!" ಎಂದಳು. ನಾನು ಫ್ರೀವೇ ಕಡೆ ಗಮನ ಕೊಟ್ಟೆ. ಅವಳೇ ಮುಂದುವರಿಸಿದಳು: "ಮೊದಲನೇ ಪುಟ ಯಾರೂ ಓದಲ್ಲ, ಗೊತ್ತಾ? ಸೀದಾ ಹಿಂದಿನ ಪುಟ ತಿರುಗಿಸ್ತಾರೆ. ಯಾರು ಪಲ್ಯ, ಯಾರು ಪಾಯಸ ಅಂತ ನೋಡ್ಕೊಂಡು ಮಡಚಿ ಇಡ್ತಾರೆ." ಎಷ್ಟೋ ವರ್ಷ ಪತ್ರಿಕೆಯಲ್ಲಿ ದುಡಿದವನಿಗೆ ಇಷ್ಟು ಖಚಿತವಾದ ಓದುಗರ ಸಮೀಕ್ಷೆ ಯಾರೂ ಕೊಟ್ಟಿರಲಿಲ್ಲ.

ಏಪ್ರಿಲ್ 2ರಂದು ಢಾಕಾದಲ್ಲಿ ಬಾಂಗ್ಲಾದೇಶ ಇಂಡೋನೇಷ್ಯಾವನ್ನು 2-1ರಿಂದ ಸೋಲಿಸಿತು. ಹರ್ತೊನೊ ಕಾರು ಹತ್ತಿದವನೇ ಕಿಟಕಿಯಾಚೆ ನೋಡತೊಡಗಿದ. ಸೇತುವೆಯ ನಡುವೆ ನಾನೇ ಕೇಳಬೇಕಾಯಿತು. ಸೋತೆವು ಎಂದ, ತಕ್ಷಣ, ಆದರೂ ನಮಗೆ ಇನ್ನೊಂದು ಅಂಕ ಸಾಕು, ಅದೂ ನಿಮ್ಮ ಕೈಯಿಂದಲೇ ಎಂದು ಸೇರಿಸಿದ. ಮರುದಿನ ನಾನು ಕೋಡುಬಳೆ ಒಯ್ದೆ. ನನ್ನ ನಾಲ್ಕರಲ್ಲಿ ಒಂದು ಆಗಿಹೋಗಿತ್ತು. ಅಂಗಡಿಯವರಿಗೆ ಫೋನು ಮಾಡಿ ವಿಷಯ ತಿಳಿಸಿದೆ. ಸಂಪಾದಕನಾಗಿ ಅಧ್ಯಕ್ಷರಿಗೆ ಮಾಹಿತಿ ಕೊಡುವುದು ಕರ್ತವ್ಯ. "ಇನ್ನ ಮೂರು ಅದಾವ್ರಿ" ಎಂದಷ್ಟೇ ಹೇಳಿ ಅವರು ಫೋನಿಟ್ಟರು.

ಏಪ್ರಿಲ್ 6ರಂದು ಕಲ್ಕತ್ತಾದಲ್ಲಿ ಭಾರತ ಮತ್ತು ಇಂಡೋನೇಷ್ಯಾ 1-1ರಲ್ಲಿ ಸಮನಾದವು. ಹರ್ತೊನೊಗೆ ಬೇಕಾದ ಒಂದು ಅಂಕ ನಮ್ಮ ಕೈಯಿಂದಲೇ ಸಿಕ್ಕಿತು. ಭಾರತ ಹೊರಬಿತ್ತು, ಇನ್ನೂ ಎರಡು ಪಂದ್ಯ ಉಳಿದಿರುವಾಗಲೇ. ಅಂಗಡಿಯವರ ಫೋನು ಬಂತು. ಈ ಸುದ್ದಿಗೆ ಮಾತ್ರ ಅವರಿಗೆ ಸ್ವಂತ ಮೂಲವಿತ್ತು. ಯಾರೆಂದು ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ.

"ಮುಗೀತಲ್ರಿ ಸಂಪಾದಕರ. ಇನ್ನರೆ ಮೊದಲನೇ ಪುಟದಾಗ ಕ್ರಿಕೆಟ್ ಹಾಕ್ರಿ."

"ಇನ್ನೂ ಎರಡು ಪಂದ್ಯ ಇದೆ."

"ಔಟ್ ಆದ ಮ್ಯಾಲ ಆಡೋ ಮ್ಯಾಚಿಗೆ ಏನ್ ಅರ್ಥ ಐತ್ರಿ?"

"ಹನ್ನೊಂದು ಜನ ಆಡ್ತಾರೆ. ಅಷ್ಟು ಅರ್ಥ ಸಾಕು."

"ಹಠಾ ಮಾಡಬ್ಯಾಡ್ರಿ. ಈ ಸಲ ಕ್ರಿಕೆಟ್ ಹಾಕಿದ್ರ ಎಲೆಕ್ಷನ್ ಮಾತು ನಾ ಮರೀತೀನಿ."

ಇದು ಉದಾರವಾದ ಕೊಡುಗೆ ಎಂದು ನನಗೆ ಗೊತ್ತಿತ್ತು. ಹಾಕುವುದಿಲ್ಲ ಎಂದೆ. ಇಲ್ಲಿ ನನ್ನ ಪರವಾಗಿ ಒಂದು ಮಾತು ಹೇಳಿಕೊಳ್ಳಬೇಕು. ಗೆದ್ದವರ ಸುದ್ದಿ ಬರೆಯಲು ಸಾಲುಗಟ್ಟಿ ಜನ ನಿಂತಿರುತ್ತಾರೆ. ಹೊರಬಿದ್ದ ಮೇಲೂ ಬೂಟಿನ ದಾರ ಕಟ್ಟಿಕೊಂಡು ಮೈದಾನಕ್ಕೆ ಇಳಿಯುವವರಿಗೆ ಎಲ್ಲೋ ಒಂದು ಕಡೆ, ಯಾರಾದರೂ ಒಬ್ಬ, ಅಂಕಿ ತಪ್ಪದೆ ಎರಡು ಸಾಲು ಬರೆಯಬೇಕು. ಆ ಕಡೆ ಫ್ರೀಮಾಂಟಿನಲ್ಲಿದ್ದರೆ ಅದು ನನ್ನ ತಪ್ಪಲ್ಲ. ಇನ್ನೊಂದು ವಿಷಯವೂ ಇತ್ತು. 9ರಂದು ಥಾಯ್ಲೆಂಡ್ ಜೊತೆ 1-1 ಆದ ಮೇಲೆ ನಮಗೆ ಐದು ಅಂಕ, ಬಾಂಗ್ಲಾದೇಶಕ್ಕೂ ಥಾಯ್ಲೆಂಡಿಗೂ ನಾಲ್ಕು. ಕೊನೆಯ ಪಂದ್ಯ ನಮಗೂ ಬಾಂಗ್ಲಾದೇಶಕ್ಕೂ. ಗೆದ್ದವರಿಗೆ ಎರಡನೇ ಸ್ಥಾನ. ಅದರಿಂದ ಏನೂ ಸಿಗುವುದಿಲ್ಲ ಎಂಬುದನ್ನು ಬಿಟ್ಟರೆ ಅದು ಪೂರ್ಣ ಪ್ರಮಾಣದ ಹೋರಾಟವೇ.

ಆದರೆ ನನ್ನ ಮೂಲ ಬತ್ತಿಹೋಗಿತ್ತು. ತಮ್ಮ ತಂಡ ಮುಂದೆ ಹೋದದ್ದೇ ತಡ, ಹರ್ತೊನೊನ ಅಕ್ಕನ ಕಚೇರಿಗೆ ಈ ಗುಂಪಿನಲ್ಲಿ ಆಸಕ್ತಿ ಉಳಿಯಲಿಲ್ಲ. ಕೊನೆಯ ಪಂದ್ಯ ನಡೆದದ್ದು ಶುಕ್ರವಾರ, ಏಪ್ರಿಲ್ 12. ಭಾನುವಾರ ಯುಗಾದಿ ಕಾರ್ಯಕ್ರಮ. ಶುಕ್ರವಾರ ಸಂಜೆ, ಅಂದರೆ ಬೆಂಗಳೂರಿನಲ್ಲಿ ಶನಿವಾರ ಬೆಳಿಗ್ಗೆ ಪೇಪರು ಮನೆಗೆ ಬಂದಿರುವ ಹೊತ್ತಿಗೆ, ವನಜಾಳ ತಮ್ಮ ರಘುವಿಗೆ ಫೋನು ಹಚ್ಚಿದೆ. ಅವನು ಗಾಬರಿಯಿಂದ, "ಭಾವ, ಅಕ್ಕ ಹುಷಾರಾಗಿದ್ದಾಳೆ ತಾನೆ?" ಎಂದ.

"ಚೆನ್ನಾಗಿದ್ದಾಳೆ. ಪೇಪರ್‌ನಲ್ಲಿ ಫುಟ್‌ಬಾಲ್ ನೋಡು."

ಪುಟ ತಿರುವುವ ಸದ್ದು ಸಮುದ್ರ ದಾಟಿ ಬಂತು. "ಇದೆ ಭಾವ, ಕೆಳಗಡೆ, ಚಿಕ್ಕದಾಗಿ. ಭಾರತ ಎರಡು, ಬಾಂಗ್ಲಾ ಒಂದು."

"ಸರಿ. ಈಗ ಪಕ್ಕದ ಮನೆಗೆ ಹೋಗಿ ಅವರ ಪೇಪರ್ ನೋಡ್ಕೊಂಡು ಬಾ."

"ಯಾಕೆ? ನಮ್ಮದರಲ್ಲಿ ಇದೆಯಲ್ಲ!"

"ಒಂದೇ ಮೂಲ ನಂಬೋ ಹಾಗಿಲ್ಲ. ಅವರು ತರಿಸೋದು ಬೇರೆ ಪೇಪರ್ ತಾನೆ?"

"ಭಾವ, ಕಾಂಪೌಂಡ್ ಗೋಡೆ ಜಗಳ ಆದಾಗಿಂದ ಅವರಿಗೂ ನಮಗೂ ಮಾತಿಲ್ಲ."

"ಮಾತಾಡಬೇಡ. ಪೇಪರ್ ಮಾತ್ರ ನೋಡು."

ರಘು ಹೋದ. ಇತ್ತ ವನಜಾ ಗಡಿಯಾರ ನೋಡುತ್ತ ನಿಂತಳು. ಅವಳ ಮುಖದಲ್ಲಿ ಫೋನ್ ಬಿಲ್ಲು ಬೆಳೆಯುತ್ತಿರುವುದು ಕಾಣುತ್ತಿತ್ತು. ಕೊನೆಗೆ ರಘು ಏದುಸಿರು ಬಿಡುತ್ತ ಬಂದು, "ಅದರಲ್ಲೂ ಎರಡು-ಒಂದೇ ಭಾವ. ಕಾಫಿ ಕೊಟ್ರು, ಅದಕ್ಕೆ ಲೇಟಾಯ್ತು" ಎಂದ. ಎರಡು ಮನೆಗಳ ನಡುವಿನ ಜಗಳ ಅಷ್ಟರಲ್ಲಿ ಮುಗಿದಿತ್ತು. ಅದನ್ನೂ ಸುದ್ದಿಹಾಳೆಯಲ್ಲಿ ಹಾಕಿ ಎಂದು ವನಜಾ ಹೇಳಿದಳು. ನಮ್ಮ ವ್ಯಾಪ್ತಿಗೆ ಬರುವುದಿಲ್ಲ ಎಂದೆ.

ಶನಿವಾರ ಬೆಳಿಗ್ಗೆ ಮೊದಲ ಪುಟವನ್ನು ಹೊಸದಾಗಿ ಬರೆದೆ. ಶೀರ್ಷಿಕೆ: "ಬಾಂಗ್ಲಾದೇಶದ ಮೇಲೆ ಜಯ, ಗುಂಪಿನಲ್ಲಿ ಭಾರತ ಎರಡನೆಯದು." ಭಾನುವಾರ ಸ್ಕೂಲೊಂದರ ಹಾಲಿನಲ್ಲಿ ಬೇವು-ಬೆಲ್ಲದ ಜೊತೆ ಹಾಳೆ ಹಂಚಿದೆವು. ನೂರಾರು ಕೈಗಳು ಒಂದೇ ಸಲ ಹಿಂದಿನ ಪುಟ ತಿರುಗಿಸಿದವು. ಅಂಗಡಿಯವರೊಬ್ಬರೇ ಮೊದಲ ಪುಟ ಓದಿದರು, ಎರಡು ಸಲ.

"ಮುಂದ ಹೋತೇನ್ರಿ ಟೀಮು?"

"ಇಲ್ಲ."

"ಅಂದ್ರ ಸೋತಂಗ ಆತಲ್ಲ. 'ಜಯ' ಅಂತ ಹ್ಯಾಂಗ ಬರದ್ರಿ?"

"ಪಂದ್ಯ ಗೆದ್ದರು. ಗೆದ್ದದ್ದನ್ನ ಸೋತರು ಅಂತ ಬರೆಯೋಕೆ ನನಗೆ ಬರಲ್ಲ."

"ಎರಡನೇದಕ್ಕ ಯಾರ್ರೀ ಹಾರ ಹಾಕ್ತಾರ?"

"ಹಾರ ಹಾಕಿಲ್ಲ ಅಂಗಡಿಯವರೇ. ಶೀರ್ಷಿಕೆ ಹಾಕಿದೀನಿ. ಆರು ಪಂದ್ಯದಲ್ಲಿ ಸೋತಿದ್ದು ಒಂದೇ. ಎರಡನೇದು ಎರಡನೇದೇ, ಸೋಲಲ್ಲ. ಈ ಮಾತನ್ನ ಎಲ್ಲಿ ಬೇಕಾದರೂ ಹೇಳ್ತೀನಿ."

ಸುತ್ತಲಿದ್ದವರು ಕೇಳಲಿ ಎಂದೇ ಗಟ್ಟಿಯಾಗಿ ಹೇಳಿದ್ದೆ, ಕೇಳಿದರು. ಕೋಸಂಬರಿ ತಿನ್ನುತ್ತಿದ್ದ ಸ್ಮಿತಾ, "ಸೋ ವಿ ವನ್, ಅಂಡ್ ವಿ ಆರ್ ಔಟ್?" ಎಂದಳು. ಹೌದು ಎಂದೆ. "ದಟ್ಸ್ ವಿಯರ್ಡ್, ಅಪ್ಪ" ಎಂದವಳು, ಸ್ವಲ್ಪ ಯೋಚಿಸಿ, ತನ್ನ ಟೀಮಿನ ಹುಡುಗಿಯರಿಗೆ ತೋರಿಸಲು ಒಂದು ಹಾಳೆ ಕೇಳಿದಳು. ಅವರಲ್ಲಿ ಯಾರಿಗೂ ಕನ್ನಡ ಬಾರದು. ಅಂಕಿಗಳನ್ನು ಇಂಗ್ಲಿಷಿನಲ್ಲೇ ಬರೆದಿದ್ದೆ.

ಅಂಗಡಿಯವರು ಮಾತಿಗೆ ತಪ್ಪುವವರಲ್ಲ. ಜೂನ್ ತಿಂಗಳ ಪಿಕ್ನಿಕ್‌ನಲ್ಲಿ ಚುನಾವಣೆ ಇಟ್ಟರು. ನನ್ನ ಎದುರು ನಿಲ್ಲಿಸಿದ್ದು ಡ್ಯಾನ್‌ವಿಲ್‌ನ ಒಬ್ಬ ಡಾಕ್ಟರನ್ನು. ಹೆಸರು ಕೇಳಿದ ಕೂಡಲೇ ನಾನು ನಿಶ್ಚಿಂತನಾದೆ. ಕೈಬರಹದ ಪತ್ರಿಕೆಗೆ ಯಾರಾದರೂ ಡಾಕ್ಟರನ್ನು ಆರಿಸುತ್ತಾರೆಯೆ? ವನಜಾಳಿಗೂ ಹಾಗೇ ಹೇಳಿದೆ. ಮತದಾನಕ್ಕೆ ಮೊದಲು ಇಬ್ಬರ ಅಕ್ಷರದ ಮಾದರಿಯನ್ನೂ ಮರಕ್ಕೆ ಅಂಟಿಸಬೇಕೆಂದು ಸೂಚಿಸಿದವನೂ ನಾನೇ. ಅಂಟಿಸಿದರು. ಡಾಕ್ಟರ ಅಕ್ಷರ ಮುತ್ತು ಪೋಣಿಸಿದ ಹಾಗಿತ್ತು. ಕೆಳಗೆ ಒಂದು ನಾಮಕರಣದ ಸುದ್ದಿಯನ್ನೂ ಮಾದರಿಗೆಂದು ಬರೆದಿದ್ದರು. ಅದು ವಿಜೃಂಭಣೆಯಿಂದ ನೆರವೇರಿತ್ತು, ಕೊನೆಯಲ್ಲಿ ಎರಡು ಆಶ್ಚರ್ಯಸೂಚಕ ಚಿಹ್ನೆಗಳಿದ್ದವು. ಅಜ್ಜಿಯರು ಅದರ ಮುಂದೆ ಬಹಳ ಹೊತ್ತು ನಿಂತರು.

ಮತಗಳನ್ನು ಅಂಗಡಿಯವರೇ ಎಣಿಸಿದರು. ನನ್ನ ಒತ್ತಾಯದ ಮೇರೆಗೆ ಇನ್ನೊಬ್ಬರೂ ಎಣಿಸಿದರು. ಎರಡೂ ಮೂಲಗಳು ತಾಳೆಯಾದವು. ಸಂಪಾದಕ ಸ್ಥಾನಕ್ಕೆ ಸ್ಪರ್ಧಿಸಿದ್ದವರು ಇಬ್ಬರು. ನಾನು ಎರಡನೆಯವನಾದೆ.