ರೊಟ್ಟಿ ವ್ಯಾಪಾರದ ಇತಿಹಾಸದಲ್ಲಿ ನನ್ನ ಸ್ಥಾನ

ಗಂಡ ಹೆಂಡತಿ ಒಂದೇ ಸೂರಿನಡಿ ಎಷ್ಟೇ ವರ್ಷ ಬಾಳಿದರೂ ಅವರಿಬ್ಬರ ನೆನಪಿನಲ್ಲಿ ನಡೆದಿರುವುದು ಎರಡು ಬೇರೆ ಬೇರೆ ಸಂಸಾರಗಳು ಎಂಬ ಗುಮಾನಿ ನನಗೆ ಮೊದಲಿನಿಂದಲೂ ಇತ್ತು. ಸಾಕ್ಷಿ ಇರಲಿಲ್ಲ. ಈಗ ಇದೆ, ಒಂದು ಕಾಲೇಜಿನವರ ರೆಕಾರ್ಡರಿನಲ್ಲಿ ಭದ್ರವಾಗಿದೆ. ಆ ಸಾಕ್ಷಿ ನನ್ನ ವಿರುದ್ಧ ಇದೆ ಎಂದು ಮನೆಯವರೆಲ್ಲ ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಒಪ್ಪುವುದಿಲ್ಲ ಎಂದು ನಾಲ್ಕು ಜನರಿಗೆ ತಿಳಿಯಲಿ ಅಂತಲೇ ಇದನ್ನು ಬರೆಯುತ್ತಿದ್ದೇನೆ.

ನಾವು ಕಲಬುರಗಿ ಕಡೆಯವರು. ಹೈದರಾಬಾದಿನ ಸರ್ಕಾರಿ ಕಾರ್ಖಾನೆಯೊಂದರಲ್ಲಿ ನೌಕರಿ ಸಿಕ್ಕಿ ಕುಷಾಯಿಗೂಡಕ್ಕೆ ಬಂದವನು ನಾನು ಇಲ್ಲೇ ನಿವೃತ್ತನಾದೆ. ನನ್ನ ಹೆಂಡತಿ ಸುಶೀಲಾಬಾಯಿ ಮಾತ್ರ ಇನ್ನೂ ಆಗಿಲ್ಲ. ಅವಳದು ಜೋಳದ ರೊಟ್ಟಿ, ಶೇಂಗಾ ಹಿಂಡಿ ಎಂಬ ಚಟ್ನಿಪುಡಿಯ ವ್ಯಾಪಾರ. ಅಡುಗೆಮನೆಯಲ್ಲಿ ಶುರುವಾದದ್ದು ಈಗ ಹಿತ್ತಲಿನ ತಗಡಿನ ಶೆಡ್ಡಿಗೆ ಬಂದಿದೆ. ನಮ್ಮೂರ ಕಡೆಯ ನಾಲ್ಕಾರು ಹೆಣ್ಣುಮಕ್ಕಳು ಬಂದು ರೊಟ್ಟಿ ಬಡಿಯುತ್ತಾರೆ. ಅಮೀರ್‌ಪೇಟಿನ ಹಾಸ್ಟೆಲುಗಳಿಗೆ ದಿನಾ ರೊಟ್ಟಿ ಹೋಗುತ್ತದೆ. ಜನವರಿ ಬಂತೆಂದರೆ ನಾಂಪಲ್ಲಿಯ ಎಕ್ಸಿಬಿಷನ್ನಿನಲ್ಲಿ ಒಂದು ಅಂಗಡಿ. ಆಗ ನನಗೆ ಮಧ್ಯಾಹ್ನ ಊಟಕ್ಕೆ ಸಿಗುವುದು ಮುರಿದ ರೊಟ್ಟಿ.

ಹೋದ ವರ್ಷ ಅನಘಾ ಎಂಬ ಹುಡುಗಿ ನನಗೆ ಫೋನ್ ಮಾಡಿದಳು. ಮೈಸೂರಿನವಳು, ಇಲ್ಲಿಯ ಕಾಲೇಜೊಂದರಲ್ಲಿ ಸಂಶೋಧನೆ ಮಾಡುತ್ತಿದ್ದಾಳೆ. ಬೆಳೆಯುತ್ತಿರುವ ದೇಶಗಳಲ್ಲಿ ವ್ಯಾಪಾರ ಹೇಗೆ ಬೆಳೆಯಿತು ಎಂಬುದನ್ನು ವ್ಯಾಪಾರ ಮಾಡಿದವರ ಬಾಯಿಂದಲೇ ಕೇಳಿ ದಾಖಲಿಸುವುದು ಅವಳ ಕೆಲಸವಂತೆ. ದೊಡ್ಡ ಕಂಪನಿಗಳಿಗಾದರೆ ಕಡತಗಳಿರುತ್ತವೆ, ವರದಿಗಳಿರುತ್ತವೆ. ಸಣ್ಣವರ ಇತಿಹಾಸ ಅವರ ನೆನಪಿನಲ್ಲಿ ಮಾತ್ರ ಇರುತ್ತದೆ, ಅವರು ಹೋದರೆ ಅದೂ ಹೋಯಿತು ಎಂದಳು. ಎಂಥ ಮಾತು! ಫೋನ್ ಬಂದದ್ದು ನನಗೆ, ಆದ್ದರಿಂದ ಇತಿಹಾಸವೂ ನನ್ನದೇ ಎಂದುಕೊಂಡೆ. ಇಸ್ತ್ರಿ ಮಾಡಿದ ಅಂಗಿ ಹಾಕಿದೆ, ಮೀಸೆಗೆ ಬಣ್ಣ ಹಚ್ಚಿದೆ, ಟೀಪಾಯಿಯ ಮೇಲಿನ ಪೇಪರು ಸರಿಸಿ ರೆಕಾರ್ಡರಿಗೆ ಜಾಗ ಮಾಡಿದೆ. ಅನಘಾ ಬಂದವಳೇ ನನಗೆ ನಮಸ್ಕಾರ ಮಾಡಿ, ದಿವಾನದ ಮೇಲೆ ಕೂತಿದ್ದ ಸುಶೀಲಾಳ ಪಕ್ಕ ಅದನ್ನು ಇಟ್ಟಳು.

ವ್ಯಾಪಾರ ಶುರುವಾದದ್ದು ಹೇಗೆ ಎಂಬುದು ಮೊದಲ ಪ್ರಶ್ನೆ. ಸುಶೀಲಾ ಸೆರಗು ಸರಿಮಾಡಿಕೊಳ್ಳುವಷ್ಟರಲ್ಲಿ ನಾನು ಉತ್ತರ ಕೊಟ್ಟೆ. ಕಾರ್ಖಾನೆಯ ಕ್ಯಾಂಟೀನಿನಲ್ಲಿ ನನ್ನ ಡಬ್ಬಿಯ ರೊಟ್ಟಿ ತಿಂದವರೆಲ್ಲ ಹೊಗಳುತ್ತಿದ್ದರು, ಇದನ್ನು ಮಾರಬಹುದು ಎಂಬ ಯೋಚನೆ ಹೊಳೆದದ್ದು ನನಗೆ ಎಂದೆ. ಸುಶೀಲಾ ನನ್ನನ್ನು ಪರಕೀಯನಂತೆ ನೋಡಿದಳು.

“ಹೊಳದಿದ್ದು ನನಗ ಯಾವಾಗ ಹೇಳಿದ್ರಿ?” ಎಂದು ಕೇಳಿದಳು.

ಹೇಳಿರಲಿಲ್ಲ, ನಿಜ. ಯೋಚನೆ ಹೊಳೆಯುವುದು ಬೇರೆ, ಅದನ್ನು ಬಾಯಿಬಿಟ್ಟು ಹೇಳುವುದು ಬೇರೆ. ಈ ವ್ಯತ್ಯಾಸವನ್ನು ನಾನು ಬಿಡಿಸಿ ಹೇಳಲು ಹೊರಟಾಗ ಅವಳು ತನ್ನ ಕಥೆ ತೆಗೆದಳು. ಪಕ್ಕದ ಮನೆಯ ಲಕ್ಷ್ಮಮ್ಮನ ಅತ್ತೆಗೆ ಸಕ್ಕರೆ ಕಾಯಿಲೆ. ಡಾಕ್ಟರು ಜೋಳ ತಿನ್ನಲು ಹೇಳಿದ್ದರು. ಲಕ್ಷ್ಮಮ್ಮನಿಗೆ ರೊಟ್ಟಿ ಬಡಿಯಲು ಬಾರದು. ಇವಳು ಮಾಡಿಕೊಟ್ಟಳು, ಅವರು ದುಡ್ಡು ಕೊಟ್ಟರು, ಇವಳು ತೆಗೆದುಕೊಂಡಳು. ಆಮೇಲೆ ಇಡೀ ಗಲ್ಲಿ ಕೇಳಿತು. “ಇವರು ಮಾತ್ರ, ನಮ್ಮ ಮನಿತನದಾಗ ಯಾರೂ ರೊಟ್ಟಿ ಮಾರಿಲ್ಲ ಅಂದ್ರು” ಎಂದು ಮುಗಿಸಿದಳು.

ನಾನು ಹಾಗೆ ಹೇಳಿದ್ದೆನೋ ಇಲ್ಲವೋ, ಹೇಳಿದ್ದರೆ ಅದೊಂದು ಮಾಹಿತಿ ಅಷ್ಟೆ. ನಮ್ಮ ಮನೆತನದಲ್ಲಿ ನಿಜಕ್ಕೂ ಯಾರೂ ರೊಟ್ಟಿ ಮಾರಿರಲಿಲ್ಲ. ಇದನ್ನೂ ರೆಕಾರ್ಡ್ ಮಾಡಿಕೊಳ್ಳಬೇಕೆಂದು ಪಟ್ಟು ಹಿಡಿದೆ. ಅನಘಾ ಬಹಳ ಮರ್ಯಾದೆಯಿಂದ, ನಿಮ್ಮದನ್ನು ಆಮೇಲೆ ಬೇರೆಯಾಗಿ ಮಾಡಿಕೊಳ್ಳುತ್ತೇನೆ ಸರ್, ಈಗ ಸ್ವಲ್ಪ ಒಳಗಿರಿ ಎಂದಳು. ನನ್ನ ಮನೆಯಲ್ಲಿ ನನ್ನನ್ನೇ ಒಳಗೆ ಕಳಿಸಿದರು.

ಅಡುಗೆಮನೆಯಲ್ಲಿ ನಿಂತರೆ ಹೊರಗಿನ ಮಾತೆಲ್ಲ ಕೇಳುತ್ತದೆ. ಹುಡುಗಿ ಕಷ್ಟದ ಬಗ್ಗೆ ಕೇಳುತ್ತಿದ್ದಳು. ಮಕ್ಕಳ ಫೀಸಿಗೆ ತೊಂದರೆಯಿತ್ತೆ, ಮನೆ ಬಾಡಿಗೆಗೆ ಕಷ್ಟವಾಗಿತ್ತೆ, ಬೇರೆ ದಾರಿಯಿಲ್ಲದೆ ಈ ಕೆಲಸಕ್ಕೆ ಇಳಿದಿರೆ ಎಂದು ತಿರುಗಿಸಿ ಮುರುಗಿಸಿ ಕೇಳಿದಳು. ಸುಶೀಲಾ ಅವಳ ಪ್ರಶ್ನೆಗಳನ್ನು ಅಲ್ಲಿಗೇ ತಡೆದಳು.

“ಕಷ್ಟ ಏನಿರಲಿಲ್ಲ ತಂಗಿ. ಇವರ ಪಗಾರದಾಗ ಎಲ್ಲಾ ನಡೀತಿತ್ತು. ನನಗ ವ್ಯಾಪಾರ ಮಾಡೂದು ಭಾಳ ಸೇರತೈತಿ, ಅದಕ್ಕ ಮಾಡಿದೆ.”

ಒಗ್ಗರಣೆ ಸೌಟು ಹಿಡಿದು ನಿಂತಿದ್ದ ನಾನು ಅದನ್ನು ಕೆಳಗಿಟ್ಟೆ. ಇಷ್ಟು ವರ್ಷ ಅವಳು ದಣಿದು ಕೂತಾಗಲೆಲ್ಲ, ಪಾಪ, ನಮಗಾಗಿ ಎಷ್ಟು ಒದ್ದಾಡುತ್ತಾಳೆ ಎಂದು ಮರುಗಿದ್ದೆ. ನನ್ನ ಮರುಕವೆಲ್ಲ ದಂಡವಾಗಿತ್ತು. ಅವಳು ಮಜಾ ಮಾಡುತ್ತಿದ್ದಳು.

ಆಮೇಲೆ ನನ್ನ ಸರದಿ ಬಂತು. ಕ್ಯಾಂಟೀನಿನ ಕಥೆಯನ್ನು ವಿಸ್ತಾರವಾಗಿ ಹೇಳಿದೆ. ಸುಶೀಲಾಳನ್ನು ಒಳಗೆ ಕಳಿಸಿರೆಂದು ಕೇಳಿದರೆ, ಅವಳಾಗಲೇ ಶೆಡ್ಡಿಗೆ ಹೋಗಿದ್ದಳು. ನನ್ನ ಇತಿಹಾಸ ಕೇಳಲು ಅವಳಿಗೆ ಪುರಸೊತ್ತಿರಲಿಲ್ಲ.

ಕೆಲವು ವಾರ ಬಿಟ್ಟು ಅನಘಾ ಮತ್ತೆ ಬಂದಳು, ಮುಖ ಸಣ್ಣ ಮಾಡಿಕೊಂಡು. ಅವಳ ಮೇಲಿನವರಿಗೆ ಸುಶೀಲಾಳ ಕಥೆಯಲ್ಲಿ ಏನೋ ಕಡಿಮೆ ಅನ್ನಿಸಿತ್ತಂತೆ. ಹೆಣ್ಣುಮಗಳು ಅನಿವಾರ್ಯತೆಯಿಂದ ವ್ಯಾಪಾರಕ್ಕೆ ಇಳಿದಳು ಎಂದರೆ ಓದುವವರ ಮನಮುಟ್ಟುತ್ತದೆ, ನೆನಪು ಮಾಡಿಕೊಂಡು ಒಂದೆರಡು ಕಷ್ಟ ಸೇರಿಸಬಹುದೇ ಎಂದು ಕೇಳಿದರಂತೆ. ಕೇಳುವಾಗ ಪಾಪ ಅವಳಿಗೇ ನಾಚಿಕೆಯಾಗುತ್ತಿತ್ತು.

ಸುಶೀಲಾ ಹಿಟ್ಟಿನ ಕೈ ಒರೆಸಿಕೊಂಡು ಬಂದು ಕೂತಳು. “ಹಂಗಿದ್ರ ನಂದು ಪೂರಾ ತಗದಬಿಡ್ರಿ. ಇಲ್ಲದ ಕಷ್ಟ ನಾ ಹೇಳಂಗಿಲ್ಲ. ಗಂಡಸರು ಅಂಗಡಿ ತಗದ್ರ ಯಾಕ ತಗದಿ, ಮನ್ಯಾಗ ಉಪವಾಸ ಇದ್ದಿ ಏನು ಅಂತ ಕೇಳ್ತೀರೇನು?”

ಆಗ ನಾನೂ ಎದ್ದು ನಿಂತೆ. “ನನ್ನ ಪಗಾರ ಕಡಿಮಿ ಇರಲಿಲ್ಲ ಅಂತ ದೊಡ್ಡ ಅಕ್ಷರದಾಗ ಬರೀರಿ” ಎಂದೆ. ಕಷ್ಟದ ಒಂದು ಸಾಲು ಬರೆದರೂ ನಮ್ಮ ಮನೆಗೆ ಇನ್ನು ಬರಬೇಡಿ ಎಂದು ಇಬ್ಬರೂ ಒಟ್ಟಿಗೆ ಹೇಳಿದೆವು. ನಮ್ಮ ದಾಂಪತ್ಯದಲ್ಲಿ ಇಬ್ಬರೂ ಒಂದೇ ಮಾತನ್ನು ಒಂದೇ ಸಲಕ್ಕೆ ಹೇಳಿದ್ದು ಬಹಳ ಅಪರೂಪ. ಕಾರಣಗಳು ಬೇರೆ ಬೇರೆ ಇದ್ದವು ಅನ್ನುವುದನ್ನು ಇಲ್ಲಿ ಎತ್ತಬಾರದು.

ಹುಡುಗಿ ನಕ್ಕಳು. ಮೇಲಿನವರ ಹತ್ತಿರ ಜಗಳ ಮಾಡಿದಳೋ ಏನೋ, ಕೊನೆಗೆ ಸುಶೀಲಾ ಹೇಳಿದ್ದು ಹೇಳಿದಂತೆಯೇ ಉಳಿಯಿತು ಎಂದು ಫೋನ್ ಮಾಡಿದಳು. ನನ್ನದೂ ಅದರ ಜೊತೆಗೇ ಇರುತ್ತದಂತೆ. ಎರಡೂ ಒಂದಕ್ಕೊಂದು ತಾಳೆಯಾಗುವುದಿಲ್ಲವಲ್ಲ ಎಂದಿದ್ದಕ್ಕೆ, ಯಾರು ಏನನ್ನು ಹೇಗೆ ನೆನಪಿಟ್ಟುಕೊಂಡಿದ್ದಾರೆ ಎಂಬುದೂ ಇತಿಹಾಸವೇ ಸರ್ ಎಂದಳು. ಸುಶೀಲಾ ಕೂಡ ಅಡ್ಡಿ ಮಾಡಲಿಲ್ಲ. ಅವರದೂ ಇರಲಿ, ಓದಿದವರು ಸ್ವಲ್ಪ ನಗಲಿ ಎಂದಳಂತೆ.

ಮೊನ್ನೆ ಅದು ಅಚ್ಚಾಗಿ ಬಂತು. ಅವಳ ಮಾತಿನ ಮೇಲೆ ‘ಸುಶೀಲಾಬಾಯಿ, ಉದ್ಯಮಿ’ ಎಂದಿದೆ. ನನ್ನ ಮಾತಿನ ಮೇಲೆ ‘ಸುಶೀಲಾಬಾಯಿಯವರ ಪತಿ’ ಎಂದಷ್ಟೇ ಇದೆ. ತಕ್ಷಣ ಅನಘಾಳಿಗೆ ಫೋನ್ ಮಾಡಿ ಪ್ರತಿಭಟಿಸಿದೆ. ಬೇರೆ ಏನು ಹಾಕಲಿ ಸರ್ ಎಂದು ಕೇಳಿದಳು. ಯೋಚಿಸಿ ಹೇಳುತ್ತೇನೆಂದು ಫೋನಿಟ್ಟು ನಿಘಂಟು ತೆಗೆದೆ. ಪತಿ ಎಂದರೆ ಒಡೆಯ, ಯಜಮಾನ ಎಂಬ ಅರ್ಥವೂ ಇದೆ. ಅದೇ ಇರಲಿ ಎಂದು ಅವಳಿಗೆ ತಿಳಿಸಿದ್ದೇನೆ. ನಿಘಂಟಿನ ಆ ಪುಟವನ್ನು ಸುಶೀಲಾಳಿಗೆ ಇನ್ನೂ ತೋರಿಸಿಲ್ಲ.